ರೈಲು ನಿಂತ ಹತ್ತು ವರ್ಷ: ಘಟ್ಟದ ಹಳಿಯ ಮೇಲೊಂದು ಸುತ್ತು

ಹೊಸದುರ್ಗಕ್ಕೆಂದು ರೈಲು ಹತ್ತಿದವರು ಇಳಿಯುವುದು ಹೊಸದುರ್ಗದಲ್ಲಲ್ಲ, ‘ಹೊಸದುರ್ಗ ರೋಡ್’ ಎಂಬ ನಿಲ್ದಾಣದಲ್ಲಿ. ಊರು ಅಲ್ಲಿಂದ ಮತ್ತೆ ಬಸ್ಸು ಹಿಡಿದು ಹೋಗುವಷ್ಟು ದೂರ. ಹಾಗೆಯೇ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟ ಯಾತ್ರಿಕರು ಇಳಿಯುವುದು ನೆಟ್ಟಣದಲ್ಲಿರುವ ‘ಸುಬ್ರಹ್ಮಣ್ಯ ರೋಡ್’ ನಿಲ್ದಾಣದಲ್ಲಿ. ಹೆಸರಿಗೆ ಅಂಟಿಕೊಂಡ ಈ ‘ರೋಡ್’ ಎಂಬ ಬಾಲ ಒಂದು ಬಗೆಯ ತಪ್ಪೊಪ್ಪಿಗೆ. ನಮ್ಮ ಹಳಿ ನಿಮ್ಮ ಊರಿಗೆ ಬರಲಾಗಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತದೆ, ಮುಂದಿನದನ್ನು ನೀವೇ ನೋಡಿಕೊಳ್ಳಿ ಎಂದು ಅದರ ಅರ್ಥ.

ಹಳಿ ಊರನ್ನು ಬಿಟ್ಟು ಬೇರೆಲ್ಲೋ ಹೋಗುವುದೇಕೆ? ಹಣದ ಲೆಕ್ಕ, ಆಳುವವರ ಇಷ್ಟಾನಿಷ್ಟ ಮೊದಲಾಗಿ ಕಾರಣಗಳು ಹಲವು. ಆದರೆ ಎಲ್ಲಕ್ಕೂ ಮೊದಲು ಬರುವುದು ನೆಲದ ಏರಿಳಿತ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಆದ್ದರಿಂದಲೇ ಸಮನೆಲದಲ್ಲಿ ಒಂದು ಎಂಜಿನ್ನು ಸಾವಿರಾರು ಟನ್ ಭಾರವನ್ನು ಎಳೆದುಕೊಂಡು ಹೋಗಬಲ್ಲದು. ಆದರೆ ಅದೇ ಗುಣ ಏರಿನಲ್ಲಿ ಶತ್ರುವಾಗುತ್ತದೆ. ಎತ್ತಿನ ಗಾಡಿ ಏದುಸಿರು ಬಿಡುತ್ತ ಹತ್ತಿಬಿಡುವ ದಿಣ್ಣೆಯಲ್ಲಿ ರೈಲಿನ ಚಕ್ರ ನಿಂತಲ್ಲೇ ಜಾರುತ್ತದೆ. ಹೀಗಾಗಿ ರೈಲ್ವೆ ಎಂಜಿನಿಯರು ಗುಡ್ಡ ಬಂದರೆ ಬಳಸಿ ಹೋಗುತ್ತಾನೆ, ಇಲ್ಲವೆ ಕೊರೆದು ಹೋಗುತ್ತಾನೆ. ತಗ್ಗು ಬಂದರೆ ಮಣ್ಣು ತುಂಬಿ ಏರಿ ಹಾಕುತ್ತಾನೆ, ಹಳ್ಳ ಬಂದರೆ ಸೇತುವೆ ಕಟ್ಟುತ್ತಾನೆ. ಹಳಿ ಊರು ನೋಡಿ ನಡೆಯುವುದಿಲ್ಲ, ಮಟ್ಟ ನೋಡಿ ನಡೆಯುತ್ತದೆ.

ರೈಲಿಗೆ ಬೇಕಾದ ಈ ಗುಣವೇ ರೈಲು ನಿಂತ ಮೇಲೆ ಕಾಲ್ನಡೆಯವರಿಗೆ ವರವಾಗುತ್ತದೆ. ಬಳಕೆ ತಪ್ಪಿದ ರೈಲುಹಾದಿಯಲ್ಲಿ ಉಸಿರು ಕಟ್ಟಿಸುವ ಏರಿಲ್ಲ, ಮೊಳಕಾಲು ನೋಯಿಸುವ ಇಳಿತವಿಲ್ಲ. ಹಳ್ಳ ದಾಟಲು ಸೇತುವೆ ಇದೆ, ಗುಡ್ಡ ದಾಟಲು ಸುರಂಗವಿದೆ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ, ಸ್ಪೇನಿನಲ್ಲಿ ಇಂಥ ಹಾದಿಗಳು ಜನ ನಡೆಯುವ ತಾಣಗಳಾಗಿವೆ. ನಮ್ಮ ನಾಡಿನಲ್ಲೂ ಇಂಥದೊಂದು ಹಾದಿ ಇತ್ತು. ಅದು ಯಾರೂ ಯೋಜಿಸಿದ್ದಲ್ಲ, ಯಾರೂ ಉದ್ಘಾಟಿಸಿದ್ದಲ್ಲ. 1996ರಿಂದ 2006ರವರೆಗೆ, ಹತ್ತು ವರ್ಷ ಮಾತ್ರ ಇದ್ದು ಹೋಯಿತು.

ಬಯಲಿನ ಹಳಿಗಳು

ಆ ಹಾದಿಗೆ ಹೋಗುವ ಮೊದಲು ನಮ್ಮ ಬಯಲುಸೀಮೆಯ ಹಳಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು. ಕಾಡಿನ ನಡುವೆ ಒಂದು ರೈಲುಹಾದಿ ಏಕೆ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ.

ಹಳಿಗಳೆರಡರ ನಡುವಿನ ಅಂತರಕ್ಕೆ ಗೇಜು ಎಂದು ಹೆಸರು. ಭಾರತದ ಮೊದಲ ರೈಲುಮಾರ್ಗಗಳು 1,676 ಮಿಲಿಮೀಟರಿನ ಬ್ರಾಡ್‌ಗೇಜ್. ಅದು ದುಬಾರಿಯೆಂದು ಕಂಡ ಆಗಿನ ಸರ್ಕಾರ 1870ರ ಸುಮಾರಿನಲ್ಲಿ ಒಂದು ಮೀಟರ್ ಅಂತರದ ಅಗ್ಗದ ಹಳಿಗೆ ಒಪ್ಪಿಗೆ ಕೊಟ್ಟಿತು. ಮೈಸೂರು ಸಂಸ್ಥಾನದ ಹೆಚ್ಚಿನ ಮಾರ್ಗಗಳು ಈ ಮೀಟರ್‌ಗೇಜಿನವು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಬೀರೂರುಗಳ ಮೂಲಕ ಹರಿಹರ ಮುಟ್ಟುವ ಮಾರ್ಗ 1889ರ ಹೊತ್ತಿಗೆ ಪೂರ್ಣಗೊಂಡಿತು. ಅದು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ಮೇಲೆ ಹಾದುಹೋಯಿತೇ ಹೊರತು ಚಿತ್ರದುರ್ಗಕ್ಕೆ ಬರಲಿಲ್ಲ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲೆ ಕುಳಿತ ಏಳು ಸುತ್ತಿನ ಕೋಟೆಯ ಊರು ಹೀಗೆ ರೈಲಿನ ಪಾಲಿಗೆ ಪಕ್ಕದ ಊರಾಯಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಒಂದು ಕವಲು ಹಾದಿ ಬಂದದ್ದು 1921ರಲ್ಲಿ. ಹಿರಿಯೂರಿಗಂತೂ ಆ ಭಾಗ್ಯವೂ ಇರಲಿಲ್ಲ.

ಬ್ರಾಡ್‌ಗೇಜ್ ಮತ್ತು ಮೀಟರ್‌ಗೇಜ್ ಸೇರುವ ನಿಲ್ದಾಣಗಳಲ್ಲಿ ಒಂದು ತೊಡಕು ಹುಟ್ಟುತ್ತಿತ್ತು. ಒಂದು ಗಾಡಿಯ ಸರಕನ್ನೆಲ್ಲ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕು. ಪ್ರಯಾಣಿಕರೂ ಗಂಟುಮೂಟೆ ಸಮೇತ ಇಳಿದು ಹತ್ತಬೇಕು. ಇದನ್ನು ತಪ್ಪಿಸಲು ರೈಲ್ವೆ ಇಲಾಖೆ 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ನಮ್ಮ ಮೀಟರ್‌ಗೇಜ್ ಹಳಿಗಳು ಒಂದೊಂದಾಗಿ ಕಿತ್ತುಹೋಗಿ ಅದೇ ಏರಿಯ ಮೇಲೆ ಅಗಲದ ಹಳಿಗಳು ಬಂದವು. ಬಯಲಿನಲ್ಲಿ ಈ ಕೆಲಸ ಹೆಚ್ಚು ತೊಡಕಿಲ್ಲದೆ ಸಾಗಿತು. ನಮ್ಮ ಕಡೆ ಕೈಬಿಟ್ಟ ರೈಲುಹಾದಿಗಳು ವಿರಳವಾಗಿರುವುದಕ್ಕೆ ಇದೇ ಕಾರಣ. ಹಳೆಯ ಹಾದಿಯೇ ಹೊಸ ಹಾದಿಗೆ ನೆಲೆಯಾಯಿತು. ಆದರೆ ಘಟ್ಟದಲ್ಲಿ ಕಥೆ ಬೇರೆ.

ಘಟ್ಟ ಇಳಿದ ಹಳಿ

ಹಾಸನದಿಂದ ಸಕಲೇಶಪುರದ ಮೂಲಕ ಮಂಗಳೂರಿಗೆ ಮೀಟರ್‌ಗೇಜ್ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಮಂಗಳೂರಿಗೆ ಮದರಾಸು, ಕೇರಳಗಳ ಕಡೆಯಿಂದ ರೈಲು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬಂದಿತ್ತು. ಆದರೆ ಬೆಂಗಳೂರಿನಿಂದ ನೇರವಾಗಿ ಘಟ್ಟ ಇಳಿಯುವ ಹಳಿ ಇರಲಿಲ್ಲ. ಕರಾವಳಿಯೂ ಬಯಲುಸೀಮೆಯೂ ಒಂದೇ ರಾಜ್ಯಕ್ಕೆ ಸೇರಿ ಎರಡು ದಶಕ ದಾಟಿದ ಮೇಲೆ, ಮಂಗಳೂರಿನ ಹೊಸ ಬಂದರು ಕೆಲಸ ಆರಂಭಿಸಿದ ಮೇಲೆ, ಅವೆರಡರ ನಡುವೆ ರೈಲು ಓಡಿತು.

ತಡಕ್ಕೆ ಕಾರಣ ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ ಇರುವ ಸುಮಾರು 55 ಕಿ.ಮೀ. ದೂರ. ಈ ಅಂತರದಲ್ಲಿ ನೆಲ ಸುಮಾರು 800 ಮೀಟರ್ ಕೆಳಗಿಳಿಯುತ್ತದೆ. ಎಂಜಿನಿಯರುಗಳು ಇಲ್ಲಿ ಹಳಿಗೆ ಇಟ್ಟುಕೊಂಡ ಮಿತಿ ಐವತ್ತಕ್ಕೆ ಒಂದು; ಅಂದರೆ ಐವತ್ತು ಮೀಟರ್ ಮುಂದೆ ಹೋದಾಗ ಒಂದು ಮೀಟರಿನಷ್ಟು ಇಳಿತ. ನಡೆಯುವವನ ಕಾಲಿಗೆ ಇದು ಗೊತ್ತೇ ಆಗದಷ್ಟು ಸಣ್ಣದು. ರೈಲಿಗೆ ಇದೇ ಬಹಳ ಕಡಿದು. ಮೇಲೇರುವ ಗಾಡಿಗೆ ಹೆಚ್ಚಿನ ಎಂಜಿನ್ನು ಬೇಕು. ಇಳಿಯುವ ಗಾಡಿ ಬ್ರೇಕು ಪರೀಕ್ಷಿಸಿಕೊಂಡು ಮೆಲ್ಲಗೆ ಇಳಿಯಬೇಕು.

ಐವತ್ತಕ್ಕೆ ಒಂದನ್ನು ಮೀರದಂತೆ ಇಷ್ಟು ಎತ್ತರ ಇಳಿಯಬೇಕಾದರೆ ಹಳಿ ನೇರವಾಗಿ ಹೋಗುವಂತಿಲ್ಲ. ಬೆಟ್ಟದ ಮೈಯನ್ನು ತಬ್ಬಿಕೊಂಡು, ಕಣಿವೆಯ ಒಳಕ್ಕೆ ಹೋಗಿ, ಹಳ್ಳವನ್ನು ಸೇತುವೆಯ ಮೇಲೆ ದಾಟಿ, ಎದುರಿನ ಮಗ್ಗುಲಿನಲ್ಲಿ ಹೊರಬಂದು, ಮುಂದಿನ ಚಾಚನ್ನು ಸುರಂಗದಲ್ಲಿ ಹಾದು ಹೋಗಬೇಕು. ಆದ್ದರಿಂದಲೇ ಇಲ್ಲಿ 57 ಸುರಂಗಗಳು. ದೊಡ್ಡದು ಸಣ್ಣದು ಸೇರಿ ಇನ್ನೂರಕ್ಕೂ ಹೆಚ್ಚು ಸೇತುವೆಗಳು. ನಡುವೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳು. ಇವುಗಳಲ್ಲಿ ಎಡಕುಮೇರಿ ಊರಿಗಾಗಿ ಕಟ್ಟಿದ್ದಲ್ಲ. ಎದುರುಬದುರು ಬರುವ ಗಾಡಿಗಳು ಒಂದಕ್ಕೊಂದು ದಾರಿ ಬಿಡಲು ಕಾಡಿನ ನಡುವೆ ಎಲ್ಲಾದರೂ ಎರಡನೆಯ ಹಳಿ ಬೇಕು. ಆ ಹಳಿಯನ್ನು ನೋಡಿಕೊಳ್ಳುವವರಿಗೆ ಒಂದು ಸೂರು ಬೇಕು. ನಾಲ್ಕು ಕಡೆಯೂ ಕಾಡು, ನಡುವೆ ಒಂದು ಪ್ಲಾಟ್‌ಫಾರಮ್ಮು. ಎಡಕುಮೇರಿ ಎಂದರೆ ಇಷ್ಟೇ.

ಹತ್ತು ವರ್ಷದ ಮೌನ

ತೊಂಬತ್ತರ ದಶಕದಲ್ಲಿ ಈ ಮಾರ್ಗದ ಸ್ಥಿತಿ ವಿಚಿತ್ರವಾಯಿತು. ಕೆಳಗೆ ಮಂಗಳೂರಿಗೆ ಕೇರಳದ ಕಡೆಯಿಂದ ಬಂದದ್ದು ಬ್ರಾಡ್‌ಗೇಜ್. ಮೇಲೆ ಬೆಂಗಳೂರು, ಮೈಸೂರುಗಳ ಸುತ್ತಲಿನ ಹಳಿಗಳೂ ಬ್ರಾಡ್‌ಗೇಜಾಗುತ್ತ ಬಂದವು. ನಡುವಿನ ಮೀಟರ್‌ಗೇಜ್ ಎರಡೂ ಕಡೆ ಸಲ್ಲದ ನಡುಗಡ್ಡೆಯಾಯಿತು. 1996ರಲ್ಲಿ ಗೇಜ್ ಪರಿವರ್ತನೆಗಾಗಿ ಘಟ್ಟದ ಮಾರ್ಗವನ್ನು ಮುಚ್ಚಲಾಯಿತು.

ಬಯಲಿನಲ್ಲಿ ಹಳಿ ಅಗಲಿಸುವುದೆಂದರೆ ಮುಖ್ಯವಾಗಿ ಸ್ಲೀಪರು, ಹಳಿ, ಜಲ್ಲಿ ಬದಲಿಸುವ ಕೆಲಸ. ಘಟ್ಟದಲ್ಲಿ ಸುರಂಗ, ಸೇತುವೆ, ತಿರುವು ಮೂರೂ ಎದುರು ನಿಲ್ಲುತ್ತವೆ. ಅಗಲವಾದ ಗಾಡಿ ಸುರಂಗದ ಗೋಡೆಗೆ ತಾಗದಂತಿರಬೇಕು, ಭಾರವಾದ ಗಾಡಿಯನ್ನು ಸೇತುವೆ ಹೊರಬೇಕು, ಉದ್ದನೆಯ ಗಾಡಿಗೆ ತಿರುವು ಒಗ್ಗಬೇಕು. ಸಾಮಾನು ಸಾಗಿಸಲು ರಸ್ತೆಯೂ ಇಲ್ಲದ ಜಾಗ. ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದೆ ಸುರಿಯುವ ಮಳೆ. ಮೇಲಾಗಿ ಹಣದ ಅಭಾವ. ಕೆಲಸ ಕುಂಟುತ್ತ ಸಾಗಿತು. 2003ರಲ್ಲಿ ರಾಜ್ಯ ಸರ್ಕಾರವೂ ರೈಲ್ವೆಯೂ ಕೂಡಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯನ್ನು ಸ್ಥಾಪಿಸಿದ ಮೇಲೆ ವೇಗ ಬಂತು. ಸರಕು ಗಾಡಿ ಮತ್ತೆ ಘಟ್ಟ ಇಳಿದದ್ದು 2006ರಲ್ಲಿ. ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ.

ಈ ಹತ್ತು ವರ್ಷ ಹಳಿಯ ಮೇಲೆ ನಡೆದವರು ಮನುಷ್ಯರು. ಮೊದಲು ಸುತ್ತಲಿನ ಊರಿನವರು, ಆಮೇಲೆ ಹಾಸನ, ಮಂಗಳೂರುಗಳ ಕಾಲೇಜು ಹುಡುಗರು, ಆಮೇಲೆ ಬೆಂಗಳೂರಿನ ಚಾರಣಿಗರು. ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು, ಕಾಲಿಗೆ ಇಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪು. ಕಾಡಿನ ಒಳಗೆ ಹೀಗೆ ದಾರಿ ತಪ್ಪುವ ಭಯವಿಲ್ಲದೆ, ಕತ್ತಿ ಹಿಡಿದು ಪೊದೆ ಸವರದೆ ನಡೆಯುವ ಅವಕಾಶ ಕರ್ನಾಟಕದಲ್ಲಿ ಮತ್ತೆಲ್ಲೂ ಇರಲಿಲ್ಲ. ಹಸಿರು ಹಾದಿ ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು.

ಒಂದು ಸುತ್ತು, ಮೂರು ಇಳಿಜಾರು

ಆ ನಡಿಗೆಯ ವಿಶೇಷವೆಂದರೆ ಹೋದ ದಾರಿಯಲ್ಲಿ ಮರಳಬೇಕಾಗಿರಲಿಲ್ಲ. ಸಕಲೇಶಪುರದಿಂದ ಹೊರಟು ದೋಣಿಗಲ್ ನಿಲ್ದಾಣದಲ್ಲಿ ಹಳಿ ಹಿಡಿಯುವುದು, ಹದಿನೆಂಟು–ಇಪ್ಪತ್ತು ಕಿ.ಮೀ. ನಡೆದು ಎಡಕುಮೇರಿ ಮುಟ್ಟಿ ಅಲ್ಲಿ ರಾತ್ರಿ ಕಳೆಯುವುದು. ಮರುದಿನ ಹಳಿ ಬಿಟ್ಟು ಕಾಡಿನ ಕಾಲುದಾರಿಯಲ್ಲಿ ಕೆಂಪುಹೊಳೆಗೆ ಇಳಿದು, ಹೊಳೆ ದಾಟಿ, ಮಂಗಳೂರು ಹೆದ್ದಾರಿಗೆ ಹತ್ತುವುದು. ಅಲ್ಲಿಂದ ಬಸ್ಸಿನಲ್ಲಿ ಶಿರಾಡಿ ಘಾಟಿ ಏರಿ ಮತ್ತೆ ಸಕಲೇಶಪುರ. ಹೀಗೆ ಹಳಿ, ಕಾಡು, ಹೊಳೆ, ರಸ್ತೆ ಸೇರಿ ಒಂದು ಪೂರ್ಣ ಸುತ್ತಾಗುತ್ತಿತ್ತು.

ಈ ಸುತ್ತು ಕೇವಲ ವಿಹಾರವಲ್ಲ, ಒಂದು ಪಾಠ. ಒಂದೇ ಘಟ್ಟವನ್ನು ಮೂರು ಬಗೆಯ ಇಳಿಜಾರುಗಳಲ್ಲಿ ನೋಡುವ ಅವಕಾಶ ಅಲ್ಲಿತ್ತು.

ಮೊದಲನೆಯದು ರೈಲಿನ ಇಳಿಜಾರು. ಇಡೀ ದಿನ ನಡೆದರೂ ಇಳಿಯುತ್ತಿದ್ದೇವೆಂದು ಅನ್ನಿಸುವುದಿಲ್ಲ. ಕಾಲಿಗೆ ತೊಂದರೆ ಕೊಡುವುದು ಇಳಿತವಲ್ಲ, ಸ್ಲೀಪರು. ಎರಡು ಸ್ಲೀಪರುಗಳ ನಡುವಿನ ಅಂತರ ಸುಮಾರು 60ರಿಂದ 70 ಸೆಂಟಿಮೀಟರ್. ಮನುಷ್ಯನ ಸಹಜ ಹೆಜ್ಜೆ ಅದಕ್ಕಿಂತ ಸ್ವಲ್ಪ ದೊಡ್ಡದು. ಒಂದೊಂದೇ ಸ್ಲೀಪರಿಗೆ ಹೆಜ್ಜೆಯಿಟ್ಟರೆ ತಡವರಿಸಬೇಕು, ಎರಡೆರಡಕ್ಕೆ ಇಟ್ಟರೆ ನೆಗೆಯಬೇಕು, ನಡುವೆ ಇಟ್ಟರೆ ಜಲ್ಲಿ ಚುಚ್ಚುತ್ತದೆ. ರೈಲಿಗಾಗಿ ಮಾಡಿದ ಹಾದಿಯೆಂಬುದನ್ನು ಅದು ನಡೆಯುವವನಿಗೆ ಪ್ರತಿ ಹೆಜ್ಜೆಗೂ ನೆನಪಿಸುತ್ತದೆ. ಸುರಂಗದೊಳಗೆ ಹೊಕ್ಕರೆ ಹೊರಗಿನ ಹಗಲು ಒಂದು ಹಿಡಿಯಷ್ಟಾಗಿ, ತಿರುವಿದ್ದರೆ ಅದೂ ಮಾಯವಾಗಿ, ತಲೆಯ ಮೇಲಿನ ಬಂಡೆಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಆಳೊಬ್ಬ ಒತ್ತಿ ನಿಲ್ಲುವಷ್ಟು ಗೂಡುಗಳು. ಗಾಡಿ ಬಂದಾಗ ಹಳಿಯ ಕೆಲಸಗಾರರು ಸರಿದು ನಿಲ್ಲಲೆಂದು ಮಾಡಿದವು. ಸೇತುವೆಗಳ ಮೇಲೂ ಹೀಗೆಯೇ ಪಕ್ಕಕ್ಕೆ ಚಾಚಿದ ಸಣ್ಣ ಕಟ್ಟೆಗಳು.

ಎರಡನೆಯದು ನೀರಿನ ಇಳಿಜಾರು. ಎಡಕುಮೇರಿಯಿಂದ ಹೊಳೆಗೆ ಇಳಿಯುವ ದಾರಿ ಯಾವ ಎಂಜಿನಿಯರೂ ಅಳೆದದ್ದಲ್ಲ. ನೀರು ಇಳಿದ ಕಡೆ ಕಾಲು ಇಳಿಯಬೇಕು. ಹಳಿಯ ಅಂಚಿನಲ್ಲಿ ನಿಂತು ನೋಡಿದ ಕಾಡು ಬೇರೆ, ಒಳಗೆ ಇಳಿದಾಗ ಕಾಣುವ ಕಾಡು ಬೇರೆ. ಹಳಿಗಾಗಿ ಮರ ಕಡಿದ ಕಡೆ ಬಿಸಿಲು ಬಿದ್ದು ಪೊದೆ, ಬಳ್ಳಿ, ಹುಲ್ಲು ನುಗ್ಗಿ ಬರುತ್ತವೆ. ನೂರು ಹೆಜ್ಜೆ ಒಳಗೆ ಹೋದರೆ ಧೂಪ, ಹೆಬ್ಬಲಸಿನಂಥ ಎತ್ತರದ ಮರಗಳ ಕೆಳಗೆ ನೆರಳು, ಬೆತ್ತದ ಮುಳ್ಳು, ವರ್ಷವಿಡೀ ಆರದ ತೇವ. ಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು, ಕೆಳಗೆ ಆನೆಯ ಲದ್ದಿ. ಜೋಗಿಮಟ್ಟಿಯ ಕುರುಚಲು ಕಾಡನ್ನು ಕಂಡ ಕಣ್ಣಿಗೆ ಇದು ಬೇರೆಯೇ ಲೋಕ. ಅಲ್ಲಿ ಎಲೆ ಉದುರಿದ ಕೊಂಬೆಗಳ ನಡುವಿನಿಂದ ಹತ್ತು ಹರಿದಾರಿಯ ಬಯಲು ಕಂಡರೆ, ಇಲ್ಲಿ ಹತ್ತು ಮಾರು ಆಚೆಗಿನದು ಕಾಣುವುದಿಲ್ಲ.

ಮೂರನೆಯದು ರಸ್ತೆಯ ಇಳಿಜಾರು. ಬಸ್ಸು ಶಿರಾಡಿ ಘಾಟಿಯನ್ನು ಗೇರು ಬದಲಿಸುತ್ತ ಏರುವಾಗ ಎಂಜಿನ್ನಿನ ದನಿಯಲ್ಲೇ ಇದು ತಿಳಿಯುತ್ತದೆ. ಟಯರು ನೆಲವನ್ನು ಕಚ್ಚಿ ಹಿಡಿಯುವುದರಿಂದ ರಸ್ತೆ ರೈಲಿಗಿಂತ ಕಡಿದಾದ ಏರನ್ನು ಒಪ್ಪಿಕೊಳ್ಳುತ್ತದೆ. ಬಳಸುವ ದೂರ ಉಳಿಯುತ್ತದೆ. ಘಾಟಿ ಮುಗಿಯುವ ಹೊತ್ತಿಗೆ ದೋಣಿಗಲ್ ಸಮೀಪ ಟಿಪ್ಪು ಸುಲ್ತಾನ 1792ರಲ್ಲಿ ಮುಗಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಆ ಕೋಟೆ ಕಾಯುತ್ತಿದ್ದದ್ದೂ ಇದೇ ಕಣಿವೆಯ ದಾರಿಯನ್ನು. ಕಾಡಾನೆ, ಎತ್ತಿನ ಹೇರು, ಸೈನ್ಯ, ಲಾರಿ, ರೈಲು ಒಂದರ ಹಿಂದೆ ಒಂದು ಬಂದು ಘಟ್ಟದ ಇದೇ ಸಂದನ್ನು ಹುಡುಕಿಕೊಂಡವು.

ನೀರಿನ ಲೆಕ್ಕ

ಈ ಸುತ್ತಿನಲ್ಲಿ ಇನ್ನೊಂದು ಸಂಗತಿಯಿದೆ. ಅದು ಕೊನೆಗೆ ಹಿರಿಯೂರಿಗೆ ಬಂದು ಮುಟ್ಟುತ್ತದೆ. ಸಕಲೇಶಪುರ ಇರುವುದು ಹೇಮಾವತಿಯ ದಂಡೆಯ ಮೇಲೆ. ಹೇಮಾವತಿ ಪೂರ್ವಕ್ಕೆ ಸರಿದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಕೆಲವೇ ಕಿ.ಮೀ. ಪಶ್ಚಿಮಕ್ಕೆ ನಡೆದರೆ ದೋಣಿಗಲ್ ಆಸುಪಾಸಿನಲ್ಲಿ ನೆಲದ ಬೆನ್ನೆಲುಬನ್ನು ದಾಟುತ್ತೇವೆ. ಅದರಾಚೆ ಬಿದ್ದ ಮಳೆ ಎತ್ತಿನಹೊಳೆ, ಕೆಂಪುಹೊಳೆಗಳಲ್ಲಿ ಇಳಿದು ಗುಂಡ್ಯ ಹೊಳೆಯಾಗಿ, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಒಂದು ಬೆಳಗಿನ ನಡಿಗೆಯಲ್ಲಿ ಒಂದು ಸಮುದ್ರದ ಪಾಲಿನ ನೆಲದಿಂದ ಇನ್ನೊಂದು ಸಮುದ್ರದ ಪಾಲಿನ ನೆಲಕ್ಕೆ ಬಂದಿರುತ್ತೇವೆ.

ಹಿರಿಯೂರಿನ ವೇದಾವತಿ ಇವೆರಡಕ್ಕೂ ಸೇರಿದ್ದಲ್ಲ. ಅದು ಬಾಬಾಬುಡನ್ ಗಿರಿಯ ಕಡೆಯಿಂದ ಬಂದು ತುಂಗಭದ್ರೆಯ ಮೂಲಕ ಕೃಷ್ಣೆಗೆ ಹೋಗುವ ನೀರು. ಅದಕ್ಕೆ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ತುಂಬದ ಕೆರೆಯ ಜನಕ್ಕೆ ಪಶ್ಚಿಮದ ಮಳೆ ಕಣ್ಣಿಗೆ ಬೀಳದೆ ಇರುತ್ತದೆಯೆ? ಸಕಲೇಶಪುರದ ಹೊಳೆಗಳಿಂದ 24 ಟಿ.ಎಂ.ಸಿ. ನೀರನ್ನು ಎತ್ತಿ ಪೂರ್ವದ ಬರಡು ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಮುಂದಿನ ಕಾಲುವೆ ಪೂರ್ಣವಾಗದ್ದರಿಂದ ಆ ನೀರನ್ನು ತಾತ್ಕಾಲಿಕವಾಗಿ ಹರಿಸಲು ಆರಿಸಿಕೊಂಡದ್ದು ವಾಣಿವಿಲಾಸ ಸಾಗರವನ್ನೇ. ಹಳಿಯ ಮೇಲೆ ನಡೆದವರು ಕಾಲಡಿಯಲ್ಲಿ ಕೇಳಿದ ಹೊಳೆಯ ಸದ್ದಿಗೆ ಹೀಗೆ ನಮ್ಮ ಜಿಲ್ಲೆಯ ಸಂಬಂಧವೂ ಬಂದು ಸೇರಿತು.

ಈ ಯೋಜನೆಯ ಸರಿ ತಪ್ಪುಗಳ ವಾದ ದೊಡ್ಡದು, ಇಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಆ ವಾದ ಮಾಡುವವರು ಎರಡೂ ಕಡೆಯ ನೆಲವನ್ನು ಕಾಲಿನಿಂದ ತಿಳಿದಿದ್ದರೆ ಒಳ್ಳೆಯದು. ಕರಾವಳಿಯವರು ಮಾರಿಕಣಿವೆಯ ಒಣ ಅಂಗಳವನ್ನು, ಬಯಲುಸೀಮೆಯವರು ಕೆಂಪುಹೊಳೆಯ ಕಾಡನ್ನು ನಡೆದು ನೋಡಿರಬೇಕು. ಹತ್ತು ವರ್ಷ ಆ ಹಳಿ ಅಂಥದೊಂದು ಅವಕಾಶವನ್ನು, ಟಿಕೆಟಿಲ್ಲದೆ, ಕೊಟ್ಟಿತ್ತು.

ರೈಲು ಮರಳಿತು, ನಡಿಗೆ ನಿಲ್ಲಲಿಲ್ಲ

ಗಾಡಿಗಳು ಮರಳಿ ಬಂದ ಮೇಲೂ ಜನ ಹಳಿಗೆ ಹೋಗುವುದನ್ನು ಬಿಡಲಿಲ್ಲ. ನಿಂತ ಹಳಿಯ ಮೇಲಿನ ನಡಿಗೆ ಸಾಹಸವಾಗಿದ್ದರೆ, ಓಡುವ ಹಳಿಯ ಮೇಲಿನ ನಡಿಗೆ ಅವಿವೇಕ. ಇಳಿಜಾರಿನಲ್ಲಿ ಬರುವ ಗಾಡಿ ಬಯಸಿದ ಕೂಡಲೇ ನಿಲ್ಲದು. ಒದ್ದೆ ಕಾಡು ಸದ್ದನ್ನು ನುಂಗುತ್ತದೆ. ತಿರುವಿನ ಆಚೆಯಿಂದ ಎಂಜಿನ್ನು ಕಾಣಿಸಿಕೊಳ್ಳುವ ಹೊತ್ತಿಗೆ ಸೇತುವೆಯ ನಡುವಿನಲ್ಲಿರುವವನಿಗೆ ಓಡಲು ಜಾಗವಿರುವುದಿಲ್ಲ. ಸುರಂಗದ ಗೂಡುಗಳು ಹಳಿಯ ಕೆಲಸಗಾರರಿಗೆಂದು ಮಾಡಿದವು, ಹತ್ತಿಪ್ಪತ್ತು ಜನರ ಗುಂಪಿಗಲ್ಲ. ಅನುಮತಿಯಿಲ್ಲದೆ ರೈಲ್ವೆಯ ಜಾಗದಲ್ಲಿ ನಡೆಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಸುತ್ತಲಿನದು ರಕ್ಷಿತಾರಣ್ಯವಾದ್ದರಿಂದ ಅರಣ್ಯ ಇಲಾಖೆಯ ಕಾನೂನೂ ಅಡ್ಡ ಬರುತ್ತದೆ. ನಿಷೇಧ ಸರಿಯಾದುದೇ.

ಘಟ್ಟವೂ ಸುಮ್ಮನಿಲ್ಲ. 2018ರ ಆಗಸ್ಟಿನ ಮಹಾಮಳೆಯಲ್ಲಿ ಈ ಮಾರ್ಗದ ಮೇಲೆ ಹಲವು ಕಡೆ ಗುಡ್ಡ ಜರಿಯಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಪ್ರಯಾಣಿಕರ ಗಾಡಿಗಳು ಹತ್ತು ದಿನಕ್ಕೂ ಮೇಲೆ ನಿಂತವು. ಮಳೆಗಾಲದಲ್ಲಿ ಲಾಂದ್ರ ಹಿಡಿದು ಹಳಿಯುದ್ದಕ್ಕೂ ಗಸ್ತು ತಿರುಗುವ ನೌಕರರು ಮಾತ್ರ ಇಂದು ಆ ಹಾದಿಯಲ್ಲಿ ಹಕ್ಕಿನಿಂದ ನಡೆಯುವವರು. ಉಳಿದವರಿಗೆ ರೈಲ್ವೆ 2021ರಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನು ಕೊಟ್ಟಿತು. ಒಳಗೆ ಕುಳಿತು ಕಾಡು ನೋಡಬಹುದು. ಚೆನ್ನಾಗಿಯೇ ಇದೆ, ಆದರೆ ನೋಡುವುದು ಬೇರೆ, ನಡೆಯುವುದು ಬೇರೆ.

ನಡೆಯುವ ಆಸೆಯನ್ನು ನಿಷೇಧದಿಂದ ಇಲ್ಲವಾಗಿಸಲು ಬರುವುದಿಲ್ಲ. ಒಂದು ಕಡೆ ಬಾಗಿಲು ಹಾಕಿದರೆ ಅದು ಇನ್ನೊಂದು ಕಡೆ ಗುಂಪುಗೂಡುತ್ತದೆ. 2024ರ ಜನವರಿಯಲ್ಲಿ ಇದೇ ಸೀಮೆಯ ಕುಮಾರಪರ್ವತಕ್ಕೆ ರಜೆಯ ದಿನಗಳಲ್ಲಿ ಜನ ಮುಗಿಬಿದ್ದು, ಮುಂಗಡ ನೋಂದಣಿ ವ್ಯವಸ್ಥೆ ಆಗುವ ತನಕ ಸರ್ಕಾರ ಚಾರಣಗಳನ್ನೇ ತಡೆಯಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಎಂಬ ಹೆಸರಿನಲ್ಲಿ ಆನ್‌ಲೈನ್ ನೋಂದಣಿ ಆರಂಭಿಸಿತು. ಇಷ್ಟು ಜನ, ಇಂಥ ದಾರಿ, ಇಷ್ಟು ಹೊತ್ತು ಎಂದು ಗೊತ್ತುಮಾಡುವ ಪದ್ಧತಿ ಬಂದದ್ದು ಒಳ್ಳೆಯ ಹೆಜ್ಜೆ.

ತುಂಡಾಗದ ಹಾದಿ

ಹೊರದೇಶಗಳವರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡರು? ಇಂಗ್ಲೆಂಡಿನಲ್ಲಿ 1963ರ ಬೀಚಿಂಗ್ ವರದಿಯ ಆಚೀಚೆ ಸಾವಿರಾರು ಮೈಲಿ ರೈಲುಮಾರ್ಗಗಳು ಮುಚ್ಚಿದವು. ಅನೇಕ ಕಡೆ ಜಾಗ ತುಂಡು ತುಂಡಾಗಿ ಮಾರಿಹೋಯಿತು. ಉಳಿದ ಕೆಲವನ್ನು ಸ್ಥಳೀಯ ಸಂಸ್ಥೆಗಳು ನಡೆದಾರಿಗಳನ್ನಾಗಿ ಮಾಡಿದವು. ಡರ್ಬಿಶೈರಿನ ಗುಡ್ಡಗಳ ನಡುವೆ 1968ರಲ್ಲಿ ನಿಂತ ಮಾರ್ಗವೊಂದು 1981ರಲ್ಲಿ ಮಾನ್ಸಲ್ ಟ್ರೇಲ್ ಎಂಬ ನಡೆದಾರಿಯಾಯಿತು. ಅದರ ಸುರಂಗಗಳನ್ನು ದುರಸ್ತಿ ಮಾಡಿ ಜನರಿಗೆ ತೆರೆದದ್ದು 2011ರಲ್ಲಿ. ಅಮೆರಿಕದವರು 1983ರಲ್ಲಿ ಒಂದು ಕಾನೂನು ಮಾಡಿಕೊಂಡರು. ಬಳಕೆ ತಪ್ಪಿದ ರೈಲುಹಾದಿಯ ಜಾಗವನ್ನು ಮಾರದೆ, ಒಡೆಯದೆ, ನಡೆದಾರಿಯಾಗಿ ಕಾಪಾಡುವುದು. ಮುಂದೆ ಎಂದಾದರೂ ರೈಲು ಬೇಕೆನಿಸಿದರೆ ಮತ್ತೆ ಹಳಿ ಹಾಕುವುದು. ಕಣಜದಲ್ಲಿ ಬೀಜದ ಕಾಳು ಕಾದಿಟ್ಟ ಹಾಗೆ.

ಸಕಲೇಶಪುರದ ಹಾದಿಯಲ್ಲಿ ಆದದ್ದೂ ಇದೇ. ಜಾಗ ರೈಲ್ವೆಯದಾಗಿಯೇ ಉಳಿದಿದ್ದರಿಂದ ಹತ್ತು ವರ್ಷ ನಿಂತರೂ ಹಾದಿ ತುಂಡಾಗಲಿಲ್ಲ. ಆದ್ದರಿಂದ ಆ ಕಾಲದಲ್ಲಿ ಜನ ನಡೆದರು, ಆಮೇಲೆ ರೈಲು ಓಡಿತು. ರೈಲುಹಾದಿಯ ಬೆಲೆ ಅದರ ಕಬ್ಬಿಣದಲ್ಲಿಲ್ಲ, ತುಂಡಾಗದ ಉದ್ದದಲ್ಲಿದೆ. ನಡುವೆ ನೂರು ಮಾರು ಕಳೆದುಹೋದರೂ ಉಳಿದ ನೂರು ಕಿ.ಮೀ. ರೈಲಿಗೂ ಬಾರದು, ನಡೆಯುವವನಿಗೂ ಬಾರದು.

ಅಂಥ ಒಂದು ಪಟ್ಟಿ ನೆಲವನ್ನು ಹೊಸದಾಗಿ ಹೊಂದಿಸುವುದು ಎಷ್ಟು ಕಷ್ಟವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಸುಮಾರು 191 ಕಿ.ಮೀ. ಉದ್ದದ ಹೊಸ ರೈಲುಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2011–12ರಲ್ಲಿ. ಹೊಲ, ತೋಟ, ಮನೆಗಳ ನಡುವಿನಿಂದ ಅಷ್ಟುದ್ದದ ಜಾಗ ಬಿಡಿಸಿಕೊಳ್ಳುವುದರಲ್ಲೇ ವರ್ಷಗಳು ಸರಿದವು. 1889ರಲ್ಲಿ ಮಟ್ಟ ನೋಡಿ ಬಳಸಿ ಹೋದ ಹಳಿ ಹಿರಿಯೂರಿಗೆ ಬರಲು ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕೆಂದರೆ, ಇರುವ ಹಾದಿಯನ್ನು ಕಳೆದುಕೊಳ್ಳುವವರು ಎರಡು ಸಲ ಯೋಚಿಸಬೇಕು. ಮುಂದೆ ಗಣಿಗೆ, ಕಾರ್ಖಾನೆಗೆ ಹಾಕಿದ ಕವಲು ಹಳಿಗಳು, ತಿರುವು ನೇರಮಾಡುವಾಗ ಬಿಟ್ಟುಹೋಗುವ ಹಳೆಯ ಏರಿಗಳು ರಾಜ್ಯದಲ್ಲಿ ಅಲ್ಲಲ್ಲಿ ಉಳಿಯುತ್ತವೆ. ಅವುಗಳ ಹಳಿ ಕಿತ್ತು ಗುಜರಿಗೆ ಹಾಕಿದರೂ ನೆಲವನ್ನು ಒಟ್ಟಾಗಿ ಇಟ್ಟುಕೊಂಡು, ಊರಿನವರಿಗೆ ನಡೆಯಲು ಬಿಟ್ಟುಕೊಟ್ಟರೆ ಇಲಾಖೆಗೆ ಕಳೆದುಹೋಗುವುದೇನೂ ಇಲ್ಲ. ನಾಳೆ ರೈಲು ಬಂದರೆ ಜಾಗ ಸಿದ್ಧವಿರುತ್ತದೆ.

ಅಲ್ಲಿಯ ತನಕ ಸುತ್ತು ನಡೆಯಬೇಕೆನ್ನುವ ನಮ್ಮ ಜಿಲ್ಲೆಯವರಿಗೆ ಹಳಿಯೇ ಬೇಕೆಂದೇನೂ ಇಲ್ಲ. ಕೋಟೆಯ ಬೆನ್ನಿಗೆ ಚಂದ್ರವಳ್ಳಿಯ ಕಣಿವೆಯಿದೆ. ಕದಂಬರ ಮಯೂರಶರ್ಮನ ಕೆರೆಯ ಶಾಸನ ಅಲ್ಲಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿ ನೋಡಿದ ಪ್ರಾಚೀನ ನೆಲೆಯೂ ಅಲ್ಲಿಯೇ. ಅದರ ಆಚೆ ಜೋಗಿಮಟ್ಟಿ. ಈಗ ಅದು ವನ್ಯಧಾಮವಾದ್ದರಿಂದ ಇಲಾಖೆಯನ್ನು ಕೇಳಿಕೊಂಡೇ ಹೋಗಬೇಕು, ಬೆಂಕಿಕಡ್ಡಿ, ಪ್ಲಾಸ್ಟಿಕ್ಕು ಬಿಟ್ಟು ಹೋಗಬೇಕು. ಬೆಳಗ್ಗೆ ಹೊರಟರೆ ಬಿಸಿಲೇರುವ ಮೊದಲು ಮೇಲಿನ ಗಾಳಿಗೆ ಮೈಯೊಡ್ಡಬಹುದು. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಹೊಳಲ್ಕೆರೆಯ ಕಡೆಯ ಬಯಲು. ಆ ಬಯಲಿನಲ್ಲಿ ನೂರು ವರ್ಷಕ್ಕೂ ಹಿಂದೆ ಹಾಕಿದ ಕವಲು ಹಾದಿಯ ಮೇಲೆ ಚಿಕ್ಕಜಾಜೂರಿನ ಗಾಡಿ ಇಂದಿಗೂ ಓಡುತ್ತಿದೆ.